ಬಹುಮಾನ ಬ್ಯಾಟರಿಗೋ, ಉಳಿಸಿದ ಪೆಟ್ರೋಲಿಗೋ?

ವಿದ್ಯುತ್ ಪಾಠ ನಡೆಯುತ್ತಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್, ಅಮೆರಿಕದಲ್ಲಿ ಶ್ರೀಮಂತರು ದೊಡ್ಡ ಕಾರು ತೆಗೊಂಡ್ರೆ ಸರಕಾರವೇ ದುಡ್ಡು ಕೊಡ್ತಿತ್ತಂತೆ, ಹೌದಾ?" ಇಡೀ ಕ್ಲಾಸು ನಕ್ಕಿತು. ನನಗೆ ಮಾತ್ರ ಒಳ್ಳೆಯ ಪ್ರಶ್ನೆ ಅನ್ನಿಸಿತು. ಏಕೆಂದರೆ ಸಂಗತಿ ನಿಜ. ಜೊತೆಗೆ ಅದರೊಳಗೆ ನಾವು ಕಲಿಯುವ ಕಿಲೋವ್ಯಾಟ್-ಅವರ್ ಕೂಡ ಉಂಟು!

ಪ್ಲಗ್-ಇನ್ ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವ ಗಾಡಿ. ಮನೆಯ ಪ್ಲಗ್ಗಿನಿಂದ ಬ್ಯಾಟರಿ ಚಾರ್ಜ್ ಮಾಡಬಹುದು. ಚಾರ್ಜ್ ಮುಗಿದರೆ ಪೆಟ್ರೋಲಿನಲ್ಲಿ ಓಡುತ್ತದೆ. ಚಾರ್ಜ್ ಮಾಡದೇ ಇದ್ದರೂ ಓಡುತ್ತದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಟ್ಯಾಕ್ಸ್ ಕ್ರೆಡಿಟ್ ಅಂದರೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲೇ ನೇರ ಕಡಿತ. ಇಂಥ ಕಾರುಗಳಿಗಾಗಿ ಅಮೆರಿಕ 2008ರಲ್ಲಿ ಕಾನೂನು ಮಾಡಿ, ಮರುವರ್ಷ ಅದನ್ನು ತಿದ್ದಿತು. 2010ರಿಂದ ಲೆಕ್ಕ ಹೀಗಿತ್ತು: 5 ಕಿಲೋವ್ಯಾಟ್-ಅವರ್ ಬ್ಯಾಟರಿಗೆ 2,917 ಡಾಲರ್, ಅದಕ್ಕಿಂತ ಹೆಚ್ಚಿನ ಪ್ರತಿ ಕಿಲೋವ್ಯಾಟ್-ಅವರಿಗೆ 417 ಡಾಲರ್, ಒಟ್ಟು 7,500 ಡಾಲರ್ ಮೀರಬಾರದು.

ಒಂದು ಉದಾಹರಣೆ ನೋಡೋಣ. 60 ಸಾವಿರ ಡಾಲರಿಗೂ ಹೆಚ್ಚು ಬೆಲೆಯ ಬಿಎಂಡಬ್ಲ್ಯು ಎಕ್ಸ್5 ಎಕ್ಸ್‌ಡ್ರೈವ್40ಇ ಎಂಬ ಎಸ್‌ಯುವಿಯ ಬ್ಯಾಟರಿ 9.2 ಕಿಲೋವ್ಯಾಟ್-ಅವರ್. ನೀವೇ ಗುಣಿಸಿ ಕೂಡಿಸಿ, 4,668 ಡಾಲರ್ ಬರುತ್ತದೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಅದು ವಿದ್ಯುತ್ತಿನಲ್ಲಿ ಹೋಗುವುದು ಸುಮಾರು 22 ಕಿ.ಮೀ. ಪೆಟ್ರೋಲಿನಲ್ಲಾದರೆ ಲೀಟರಿಗೆ ಸುಮಾರು 10 ಕಿ.ಮೀ. ಅಂದರೆ ಒಂದು ಚಾರ್ಜಿನಿಂದ ಉಳಿಯುವುದು ಎರಡು ಲೀಟರ್ ಪೆಟ್ರೋಲ್.

ಈಗ ಅಕ್ಕಪಕ್ಕದ ಎರಡು ಮನೆಗಳಲ್ಲಿ ಇದೇ ಕಾರು ಇದೆ ಅಂತ ಇಟ್ಟುಕೊಳ್ಳಿ. ಒಬ್ಬರು ದಿನಾ ರಾತ್ರಿ ಚಾರ್ಜ್ ಮಾಡುತ್ತಾರೆ. ವರ್ಷಕ್ಕೆ ಸುಮಾರು 730 ಲೀಟರ್ ಪೆಟ್ರೋಲ್ ಉಳಿಯಿತು. ಲೀಟರ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಆ ಕಾರಿನ ಕೊಳವೆಯಿಂದ ಒಂದೂವರೆ ಟನ್ನಿಗೂ ಹೆಚ್ಚು ಹೊಗೆ ಕಡಿಮೆಯಾಯಿತು. ಇನ್ನೊಬ್ಬರು ಚಾರ್ಜರ್ ವಯರನ್ನು ಡಿಕ್ಕಿಯಿಂದ ಹೊರಗೇ ತೆಗೆಯಲಿಲ್ಲ. ಉಳಿದದ್ದು ಸೊನ್ನೆ. ಆದರೆ ಇಬ್ಬರಿಗೂ ಸಿಕ್ಕಿದ್ದು ಅದೇ 4,668 ಡಾಲರ್! ಕಾನೂನು ಅಳೆದದ್ದು ಬ್ಯಾಟರಿಯ ಗಾತ್ರವನ್ನು, ಉಳಿದ ಪೆಟ್ರೋಲನ್ನಲ್ಲ.

ಇದು ಬರೀ ಊಹೆಯಲ್ಲ. ಅಮೆರಿಕದ ಪ್ಲಗ್-ಇನ್ ಹೈಬ್ರಿಡ್‌ಗಳ ಬಗ್ಗೆ ಐಸಿಸಿಟಿ ಎಂಬ ಸಂಶೋಧನಾ ಸಂಸ್ಥೆ 2022ರಲ್ಲಿ ವರದಿ ಕೊಟ್ಟಿತು. ರಸ್ತೆಯಲ್ಲಿ ಅವು ಕುಡಿಯುವ ಇಂಧನ ಸರಕಾರಿ ಲೇಬಲ್ಲಿನ ಅಂದಾಜಿಗಿಂತ 42ರಿಂದ 67 ಶೇಕಡಾ ಹೆಚ್ಚು.

ಇನ್ನೊಂದು ತೊಂದರೆ ಇತ್ತು. 2,000 ಡಾಲರ್ ಮಾತ್ರ ತೆರಿಗೆ ಕಟ್ಟುವವರಿಗೆ ಕಡಿತವೂ 2,000ಕ್ಕೇ ನಿಲ್ಲುತ್ತಿತ್ತು, ಉಳಿದದ್ದು ಹೋಯಿತು. ಬೋರೆನ್‌ಸ್ಟೈನ್ ಮತ್ತು ಡೇವಿಸ್ ಎಂಬ ಅರ್ಥಶಾಸ್ತ್ರಜ್ಞರು 2012ರವರೆಗಿನ ತೆರಿಗೆ ಲೆಕ್ಕ ನೋಡಿದಾಗ, ವಿದ್ಯುತ್ ವಾಹನಗಳ ಕ್ರೆಡಿಟ್‌ನಲ್ಲಿ ಸುಮಾರು 90 ಶೇಕಡಾ ಆದಾಯದಲ್ಲಿ ಮೇಲಿನ ಐದನೇ ಒಂದು ಭಾಗದ ಜನರಿಗೇ ಹೋಗಿತ್ತು.

"ಹೊಸ ವಸ್ತು ಮೊದಲು ಶ್ರೀಮಂತರ ಮನೆಗೇ ಬರುವುದು, ಆಮೇಲೆ ಅಗ್ಗವಾಗುತ್ತದೆ" ಎಂದು ಕೆಲವರು ಹೇಳುತ್ತಾರೆ. ಮೊಬೈಲ್ ಹಾಗೆಯೇ ಬಂತು, ಒಪ್ಪುತ್ತೇನೆ. ಬ್ಯಾಟರಿ ತಯಾರಿಕೆಗೆ ಆರಂಭದಲ್ಲಿ ಒಂದು ನೂಕು ಬೇಕಿತ್ತು. ಆದರೆ ಬಿಟ್ಟುಕೊಟ್ಟ ತೆರಿಗೆಯೂ ಜನರ ಹಣವೇ. ಕೊಟ್ಟ ಮೇಲೆ ಫಲ ಬಂತೋ ಅಂತ ನೋಡಬೇಕಲ್ವಾ?

ಅಮೆರಿಕ ಆಮೇಲೆ ಸ್ವಲ್ಪ ತಿದ್ದಿಕೊಂಡಿತು. 2022ರ ಕಾನೂನು ಎಸ್‌ಯುವಿಯ ಬೆಲೆಗೆ 80,000 ಡಾಲರ್ ಮಿತಿ ಹಾಕಿತು, ಕೊಳ್ಳುವವರ ಆದಾಯಕ್ಕೂ ಮಿತಿ ಇಟ್ಟಿತು. ಆದರೆ ಲೀಸಿಗೆ ತೆಗೆದುಕೊಂಡ ಕಾರುಗಳು ಬೇರೆ ವಿಧಿಯ ಕೆಳಗೆ ಬಂದು, ಈ ಮಿತಿಗಳಿಂದ ತಪ್ಪಿಸಿಕೊಂಡವು. ಪ್ಲಗ್ ಹಾಕುತ್ತೀರಾ ಎಂದು ಆಗಲೂ ಯಾರೂ ಕೇಳಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್ 30ರ ನಂತರ ಕೊಂಡ ಕಾರುಗಳಿಗೆ ಕ್ರೆಡಿಟ್ಟೇ ಇಲ್ಲವಾಯಿತು.

ಪೂರ್ತಿ ನಿಲ್ಲಿಸುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಧ ಹಣವನ್ನು ಕೊಳ್ಳುವಾಗ ಕೊಡಲಿ. ಉಳಿದರ್ಧವನ್ನು ವಿದ್ಯುತ್ತಿನಲ್ಲಿ ಓಡಿಸಿದ ಕಿಲೋಮೀಟರ್ ನೋಡಿ ಕೊಡಲಿ. ಇದು ಆಗದ ಕೆಲಸವಲ್ಲ. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಕಾರುಗಳೂ ತಾವು ಬಳಸಿದ ಇಂಧನವನ್ನು ತಾವೇ ದಾಖಲಿಸಬೇಕು.

ಲ್ಯಾಬಿನಲ್ಲಿ ನಾನು ಯಾವಾಗಲೂ ಕೇಳುವುದುಂಟು: "ನಿನಗೆ ಬೇಕಾದದ್ದು ಏನು, ನೀನು ಅಳೆಯುತ್ತಿರುವುದು ಏನು?" ಯಾವುದೇ ಸರಕಾರದ ಯೋಜನೆಯ ಸುದ್ದಿ ಓದಿದರೂ ಇದೇ ಪ್ರಶ್ನೆ ಕೇಳಿ. ಅಂದು ಕ್ಲಾಸಿನಲ್ಲಿ ಎದ್ದು ನಿಂತ ಹುಡುಗಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.