ಸೆಕೆಗೆ ತಕ್ಕ ಅಂಗಿ

ಯುಗಾದಿ ಹತ್ತಿರ ಬಂತೆಂದರೆ ಬಟ್ಟೆ ಅಂಗಡಿಗಳ ಗಾಜಿನ ಮೇಲೆ ‘ಸಮ್ಮರ್ ಕಲೆಕ್ಷನ್’ ಎಂಬ ಚೀಟಿ ಅಂಟುತ್ತದೆ. ಒಳಗೆ ತಿಳಿ ಹಳದಿ, ತೆಳು ನೀಲಿ, ಬೇವಿನ ಚಿಗುರಿನ ಹಸಿರು. ಒಂದು ಅಂಗಿಯನ್ನು ಕೈಗೆತ್ತಿಕೊಂಡು ಪಕ್ಕದ ಹೊಲಿಗೆಗೆ ಸೇರಿಸಿದ ಪುಟ್ಟ ಪಟ್ಟಿಯನ್ನು ತಿರುವಿ ಓದಿ: ಪಾಲಿಯೆಸ್ಟರ್ 60, ಪಾಲಿಯೆಸ್ಟರ್ 65, ಕೆಲವದರಲ್ಲಿ ಪೂರಾ 100. ಬಣ್ಣ ಮಾತ್ರ ಬೇಸಿಗೆಯದು, ನೂಲು ಯಾವ ಕಾಲದ್ದೂ ಅಲ್ಲ.

ಬೇಸಿಗೆಯ ಬಟ್ಟೆಯನ್ನಾದರೂ ಮನೆಯಲ್ಲೇ ಹೊಲಿದುಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರ ಎರಡೇ. ಹೊಲಿದುಕೊಂಡರೆ ದುಡ್ಡು ಉಳಿಯುತ್ತದೆ ಎನ್ನುವುದು ಹಳೆಯ ಮಹಿಳಾ ಅಂಕಣಗಳ ಪಾಠ. ಅಷ್ಟು ಪುರಸೊತ್ತು ಯಾರಿಗಿದೆ ಎನ್ನುವುದು ಇಂದಿನವರ ಮಾತು. ಮೊದಲನೆಯದು ಈಗ ಸುಳ್ಳು. ಎರಡನೆಯದು ಅರ್ಧ ನಿಜ. ಆದರೂ ಮನೆಹೊಲಿಗೆಯ ಪರವಾಗಿ ವಾದಿಸಬಹುದು ಎಂದು ನನಗನಿಸುತ್ತದೆ. ಹೊಲಿಯಲು ಕಲಿತವರು ಬಟ್ಟೆ ಕೊಳ್ಳುವುದನ್ನೂ ಕಲಿಯುತ್ತಾರೆ. ಜೀವಮಾನದಲ್ಲಿ ಅವರು ಹೊಲಿಯುವುದು ನಾಲ್ಕೇ ಕುರ್ತಾ ಆದರೂ ಕೊಳ್ಳುವ ನಾನೂರು ಬಟ್ಟೆಯ ವಿಷಯದಲ್ಲಿ ಅವರನ್ನು ಏಮಾರಿಸುವುದು ಕಷ್ಟ. ಅಡುಗೆ ಬಲ್ಲವರು ಹೋಟೆಲಿನ ಸಾರಿಗೆ ಏನು ಬಿದ್ದಿಲ್ಲವೆಂದು ಒಂದೇ ತುತ್ತಿಗೆ ಹೇಳುತ್ತಾರಲ್ಲ, ಹಾಗೆ.

ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ. ಸಾಧಾರಣ ಮಲ್ ಬಟ್ಟೆ ಮೀಟರಿಗೆ 150 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕುರ್ತಾಕ್ಕೆ ಎರಡೂವರೆ ಮೀಟರು, 375 ರೂಪಾಯಿ. ದಾರ, ಗುಂಡಿ, ಎರಡು ಸಂಜೆಯ ದುಡಿಮೆ ಬೇರೆ. ಫುಟ್‌ಪಾತಿನಲ್ಲಿ 300ಕ್ಕೆ ಹೊಲಿದ ಕುರ್ತಾವೇ ಸಿಗುತ್ತದೆ. ರೆಡಿಮೇಡ್ ಎಂದರೆ ದುಬಾರಿ ಎಂದಿದ್ದ ಕಾಲದಲ್ಲಿ ಹಬ್ಬಕ್ಕೆ ಒಂದು ಥಾನು ತಂದು ಅಕ್ಕನಿಗೆ ಫ್ರಾಕು, ತಮ್ಮನಿಗೆ ಅಂಗಿ, ಉಳಿದದ್ದರಲ್ಲಿ ದಿಂಬಿನ ಕವರು ಹೊಲಿಯುತ್ತಿದ್ದರು; ಮಕ್ಕಳೆಲ್ಲ ಒಂದೇ ಹೂವಿನ ಬಟ್ಟೆ ತೊಟ್ಟು ಫೋಟೋಕ್ಕೆ ನಿಲ್ಲುತ್ತಿದ್ದರು. ಆಗ ಲೆಕ್ಕ ಸರಿಯಾಗಿತ್ತು. ಈಗ ಆ ಲೆಕ್ಕ ತಲೆಕೆಳಗಾಗಿದೆ, ಒಪ್ಪಿಕೊಳ್ಳಬೇಕು.

ಹಾಗಾದರೆ ಹೊಲಿದವರಿಗೆ ಸಿಗುವುದೇನು? ಮೊದಲನೆಯದಾಗಿ ನೂಲಿನ ಪರಿಚಯ. ಮೈಗೆ ತಂಪೆನಿಸಬೇಕಾದರೆ ಬೆವರನ್ನು ಬಟ್ಟೆ ಹೀರಬೇಕು, ಹೀರಿದ್ದನ್ನು ಗಾಳಿಗೆ ಬಿಡಬೇಕು. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ಒಣತೂಕದ ಸುಮಾರು ಶೇ. 8.5ರಷ್ಟು ತೇವವನ್ನು ಒಳಗೆ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಬರೀ ಶೇ. 0.4ರಷ್ಟು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಬೆನ್ನಿಗೆ ಅಂಟುವ ಅಂಗಿಯ ರಹಸ್ಯ ಇಷ್ಟೇ. ‘ಪ್ಯೂರ್ ಕಾಟನ್ ಮೇಡಂ’ ಎಂದು ಅಂಗಡಿಯವರು ಆಣೆ ಮಾಡಿದರೂ ಪರೀಕ್ಷೆ ಸುಲಭ: ಬಟ್ಟೆಯ ಅಂಚಿನಿಂದ ಎರಡೆಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಹತ್ತಿ ಕಾಗದದ ವಾಸನೆ ಕೊಟ್ಟು ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ.

ಇನ್ನು ರೇಯಾನ್. ಈಚಿನ ವರ್ಷಗಳಲ್ಲಿ ಕುರ್ತಾ, ನೈಟಿಗಳನ್ನೆಲ್ಲ ಅದು ಆವರಿಸಿದೆ. ಹತ್ತಿಗಿಂತ ಹೆಚ್ಚು ತೇವ ಹೀರುತ್ತದೆ, ಮೈಮೇಲೆ ಇಳಿಬಿದ್ದು ಚೆಂದವೂ ಕಾಣುತ್ತದೆ. ಆದರೆ ಒದ್ದೆಯಾದಾಗ ಅದರ ಶಕ್ತಿ ಕುಂದುತ್ತದೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ದಿನಾ ಬೆವರಿ, ದಿನಾ ಒಗೆದು, ಒಗೆಯುವ ಕಲ್ಲಿಗೆ ಬಡಿಯುವ ನಮ್ಮ ಪದ್ಧತಿಯಲ್ಲಿ ಯಾವುದು ಎರಡು ಬೇಸಿಗೆ ಬಾಳುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ರವಿಕೆಯ ಬಟ್ಟೆ ಕೊಳ್ಳುವಾಗ ನಮ್ಮ ಹೆಂಗಸರು ‘ಟೂ ಬೈ ಟೂ ಕೊಡಿ’ ಎಂದು ಕೇಳುತ್ತಾರೆ. ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆರಡು ಎಳೆ ಹೊಸೆದ ನೂಲು ಬಳಸಿದ ಬಟ್ಟೆ ಅದು. ತೆಳುವಾಗಿದ್ದೂ ಬಾಳಿಕೆ ಬರುವುದು ಅದರಿಂದಲೇ. ಇಂಥ ಜಾಣತನ ಹೊಲಿಗೆಯ ಸಹವಾಸದಿಂದ ಬಂದದ್ದು. ಗಂಡಸರು ಶರ್ಟಿನ ವಿಷಯದಲ್ಲಿ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಅವರು ಕಾಲರಿನ ಹಿಂದಿರುವ ಕಂಪನಿಯ ಹೆಸರನ್ನು ಓದುತ್ತಾರೆ.

ಒಂದು ಬೇಸಿಗೆ ಕುರ್ತಾ ಹೊಲಿಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಗಂಜಿ ಬಿಡುತ್ತದೆ, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡುತ್ತದೆ. ಖಾದಿಯಾದರಂತೂ ಇದನ್ನು ತಪ್ಪಿಸುವ ಹಾಗೇ ಇಲ್ಲ. ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ. ಅಂಗಡಿಯವರು ಅಡ್ಡಾದಿಡ್ಡಿ ಕತ್ತರಿಸಿಕೊಟ್ಟ ತುದಿಯನ್ನು ನೇರ ಮಾಡಲು ಕತ್ತರಿಯಲ್ಲಿ ಚೂರು ಕಚ್ಚು ಹಾಕಿ ಕೈಯಿಂದ ಹರಿದರೆ ಬಟ್ಟೆ ಹೊಕ್ಕಿನ ಎಳೆಯ ಗುಂಟ ತಾನೇ ಸೀಳಿಕೊಳ್ಳುತ್ತದೆ. ಈ ನೇರ ತಪ್ಪಿತೋ, ನಾಲ್ಕು ಸಲ ಒಗೆದ ಮೇಲೆ ಕುರ್ತಾ ಮೈಮೇಲೆ ತಿರುಚಿಕೊಂಡು ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ಬಂದು ಕೂರುತ್ತದೆ. ಅಗ್ಗದ ರೆಡಿಮೇಡುಗಳಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಬಟ್ಟೆ ಉಳಿಸಲು ಎಳೆಯ ನೇರ ನೋಡದೆ ಕತ್ತರಿಸಿದ್ದೂ ಅದಕ್ಕೊಂದು ಕಾರಣ ಎಂಬುದು ಹೊಲಿದವರಿಗಷ್ಟೇ ಹೊಳೆಯುತ್ತದೆ.

ಅಳತೆಗೆ ಮೈಗೆ ಒಪ್ಪುವ ಹಳೆಯದೊಂದು ಕುರ್ತಾ ಸಾಕು. ಅದನ್ನು ಮಡಿಸಿದ ಬಟ್ಟೆಯ ಮೇಲಿಟ್ಟು ಚಾಕಿನಲ್ಲಿ ಗೆರೆ ಎಳೆದು, ಸುತ್ತ ಮಾರ್ಜಿನ್ ಬಿಟ್ಟು ಕತ್ತರಿಸುವುದು. ತೆಳು ಬಟ್ಟೆಗೆ 11ನೇ ನಂಬರಿನ ಸೂಜಿ. 16 ಹಾಕಿದರೆ ಮಲ್ ಮೇಲೆ ತೂತು ಬೀಳುತ್ತದೆ. ಮುಖ್ಯವಾದದ್ದು ಒಳಹೊಲಿಗೆ. ಕಾರ್ಖಾನೆಯ ಬಟ್ಟೆಯ ಒಳಗೆ ತುದಿ ಬಿಚ್ಚಿಕೊಳ್ಳದಂತೆ ಓವರ್‌ಲಾಕ್ ಹಾಕಿರುತ್ತಾರೆ. ಬೆವರಿದ ಕಂಕುಳಿಗೆ ಆ ಸಿಂಥೆಟಿಕ್ ದಾರದ ಗಂಟುಸಾಲು ಉಜ್ಜಿ ಉಜ್ಜಿ ಸಂಜೆಯ ಹೊತ್ತಿಗೆ ಚರ್ಮ ಕೆಂಪಾಗುತ್ತದೆ. ಮನೆಯಲ್ಲಿ ಹೊಲಿಯುವವರು ಮೊದಲು ಹೊರಮೈಯಲ್ಲಿ ಕಾಲಿಂಚು ಬಿಟ್ಟು ಒಂದು ಹೊಲಿಗೆ ಹಾಕಿ, ತಿರುವಿ, ಒಳಮೈಯಲ್ಲಿ ಇನ್ನೊಂದು ಹೊಲಿಗೆ ಹಾಕಬಹುದು. ಬಿಚ್ಚುವ ತುದಿಯೆಲ್ಲ ಎರಡರ ನಡುವೆ ಅಡಗಿ, ಒಳಗೂ ಹೊರಗಿನಷ್ಟೇ ನುಣುಪು. ಕಂಕುಳಲ್ಲಿ ನಾಲ್ಕಿಂಚಿನ ಚೌಕದ ತುಂಡೊಂದನ್ನು ಸೇರಿಸಿದರೆ ಕೈ ಮೇಲೆತ್ತಿದಾಗ ಎಳೆಯುವುದಿಲ್ಲ, ಗಾಳಿಯಾಡುತ್ತದೆ, ಹರಿಯುವುದೂ ತಡವಾಗುತ್ತದೆ. ಕತ್ತಿನ ಸುತ್ತ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ. ಕೊನೆಗೆ ಪಕ್ಕದಲ್ಲೊಂದು ಜೇಬು, ಮೊಬೈಲು ಹಿಡಿಯುವಷ್ಟು ಆಳದ್ದು. ಹೆಂಗಸರ ಬಟ್ಟೆಗೆ ಜೇಬೇಕೆ ಇರುವುದಿಲ್ಲ ಎಂಬುದು ದೊಡ್ಡ ಚರ್ಚೆ. ಹೊಲಿಯಬಲ್ಲವಳಿಗೆ ಅದು ಹತ್ತು ನಿಮಿಷದ ಕೆಲಸ.

ಎರಡನೆಯ ಲಾಭವನ್ನು ನಾನು ಇನ್ನೂ ದೊಡ್ಡದೆಂದು ತಿಳಿಯುತ್ತೇನೆ. ಕರ್ನಾಟಕಕ್ಕೆ ಇರುವುದು ಒಂದು ಬೇಸಿಗೆಯಲ್ಲ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟುವ ಒಣ ಬಿಸಿಲು. ಅಲ್ಲಿ ಮೈ ಮುಚ್ಚಿಕೊಂಡಷ್ಟೂ ಒಳ್ಳೆಯದು. ತುಂಬುತೋಳಿನ ಸಡಿಲ ಅಂಗಿ, ತಲೆಗೊಂದು ವಸ್ತ್ರ. ಮಂಗಳೂರು, ಕಾರವಾರದಲ್ಲಿ ಉಷ್ಣತೆ ಅಷ್ಟು ಏರುವುದಿಲ್ಲ, ಆದರೆ ಗಾಳಿಯೇ ನೀರಾಗಿ ಬೆವರು ಆರುವುದಿಲ್ಲ. ಅಲ್ಲಿ ಬಟ್ಟೆ ಕಡಿಮೆಯಾದಷ್ಟೂ, ತೆಳುವಾದಷ್ಟೂ ಸುಖ. ಎರಡೂ ಕಡೆಯ ಮಳಿಗೆಗಳಿಗೆ ಹೋಗುವ ‘ಸಮ್ಮರ್ ಕಲೆಕ್ಷನ್’ ಮಾತ್ರ ಒಂದೇ. ಉತ್ತರ ಕರ್ನಾಟಕದ ಹಿರಿಯರು ತೊಡುತ್ತಿದ್ದ ಬಾರಾಬಂದಿಯನ್ನು ನೋಡಿ: ಗುಂಡಿಯಿಲ್ಲ, ಕಸೆ ಕಟ್ಟುವುದು, ಸಡಿಲ. ಆ ನೆಲದ ಬಿಸಿಲು ಕಲಿಸಿದ ಕಟಿಂಗ್ ಅದು. ಮನೆಯಲ್ಲಿ ಹೊಲಿಯುವವರು ತಮ್ಮ ಊರಿನ ಬೇಸಿಗೆಗೆ ಹೊಲಿಯುತ್ತಾರೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಸೆಕೆಯ ನಾಡಿನ ನಿಜವಾದ ಬೇಸಿಗೆ ಉಡುಪು ಹೊಲಿಗೆಯೇ ಇಲ್ಲದ್ದು ತಾನೆ? ಪಂಚೆ, ಲುಂಗಿ, ಹೆಗಲ ಮೇಲಿನ ವಸ್ತ್ರ, ನೂಲಿನ ಸೀರೆ. ಸೂಜಿ ಕತ್ತರಿಯ ಹಂಗಿಲ್ಲದೆ ಎಷ್ಟೋ ತಲೆಮಾರು ಬಿಸಿಲು ಕಳೆದಿವೆ. ಮನೆಯೊಳಗೆ ಪಂಚೆಯನ್ನು ಮೀರಿಸುವ ಉಡುಪಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ಕೂಟರು, ಸಿಟಿ ಬಸ್ಸು, ಕಚೇರಿ, ಕಾರ್ಖಾನೆಯ ದಿನಚರಿಗೆ ಬಹುತೇಕರು ಹೊಲಿದ ಬಟ್ಟೆಯನ್ನೇ ತೊಡುತ್ತಾರೆ, ಇನ್ನು ಮುಂದೆಯೂ ತೊಡುತ್ತಾರೆ. ಪ್ರಶ್ನೆ ಉಳಿಯುವುದು ಅದನ್ನು ಯಾರ ಅಳತೆಗೆ, ಯಾರ ಹವೆಗೆ ಹೊಲಿಯಬೇಕು ಎಂಬಲ್ಲಿ.

ಅದನ್ನು ಯಾರು, ಎಲ್ಲಿ ಹೊಲಿಯುತ್ತಾರೆ ಎಂಬುದೂ ಪ್ರಶ್ನೆಯೇ. ಯಂತ್ರಗಳ ಬಗ್ಗೆ ಅಷ್ಟು ಕಠಿಣವಾಗಿದ್ದ ಗಾಂಧೀಜಿ ಹೊಲಿಗೆ ಮೆಷಿನ್ನಿಗೆ ಮಾತ್ರ ವಿನಾಯಿತಿ ಕೊಟ್ಟರು. 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಮೆಷಿನ್ನನ್ನು ಮನಸಾರೆ ಹೊಗಳಿ, ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದ ಎಂದರು. (1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಂಸಾರ ನಡೆಸಿದ ಆಸಾಮಿ. ಗಾಂಧೀಜಿಯ ಕತೆ ಅವನಿಗಿಂತ ಚೆನ್ನಾಗಿದೆ.) ಆ ಮೆಷಿನ್ನು ಮಾಡಲು ಕಾರ್ಖಾನೆ ಬೇಕಲ್ಲ ಎಂದು ಕೇಳಿದಾಗ, ಬೇಕು, ಆದರೆ ಅದು ರಾಷ್ಟ್ರದ ಸ್ವತ್ತಾಗಿರಬೇಕು ಎಂದು ಉತ್ತರಿಸಿದರು. ಮನೆಯಲ್ಲಿ ಒಂದಾಗಿ ನಿಂತಾಗ ಹೇಳಿದಂತೆ ಕೇಳುವ ಅದೇ ಮೆಷಿನ್ನು ಸಾಲುಸಾಲಾಗಿ ನಿಂತಾಗ ಏನಾಗುತ್ತದೆಂದು ನೋಡಲು ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗೆ ಹೋಗಬೇಕು. ಅಲ್ಲಿನ ಗಾರ್ಮೆಂಟ್ಸುಗಳಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬಳದು ಕಾಲರು, ಇನ್ನೊಬ್ಬಳದು ಕಫ್, ಮತ್ತೊಬ್ಬಳದು ಕಾಜಾ; ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್. ದಿನವಿಡೀ ಹೊಲಿಯುವವಳಿಗೆ ಇಡೀ ಒಂದು ಅಂಗಿ ಹೊಲಿಯುವ ಅವಕಾಶವಿಲ್ಲ. ಭವಿಷ್ಯನಿಧಿಯ ಹಣ ತೆಗೆಯುವ ನಿಯಮ ಬದಲಾದಾಗ ಇದೇ ಹೆಂಗಸರು 2016ರ ಏಪ್ರಿಲ್‌ನಲ್ಲಿ ರಸ್ತೆಗಿಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಆದೇಶವನ್ನು ಹಿಂತೆಗೆಯುವಂತೆ ಮಾಡಿದರು. ಇಂಥ ಕಾರ್ಖಾನೆಗಳೇ ತುಂಬಿದ್ದ ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು.

ಮನೆಯಲ್ಲಿ ಕುರ್ತಾ ಹೊಲಿದುಕೊಂಡರೆ ಗಾರ್ಮೆಂಟ್ಸಿನ ಹೆಂಗಸರ ಕಷ್ಟ ತೀರುತ್ತದೆಂದು ನಾನು ಹೇಳುವುದಿಲ್ಲ. ಎಲ್ಲರೂ ಕೊಳ್ಳುವುದು ಬಿಟ್ಟರೆ ಅವರ ಕೆಲಸವೇ ಹೋದೀತು. ಆದರೆ ಒಂದು ಕಾಲರನ್ನು ಸರಿಯಾಗಿ ಕೂರಿಸಲು ಎಷ್ಟು ಹೊತ್ತು ಬೇಕೆಂದು ಬಲ್ಲವರಿಗೆ 300 ರೂಪಾಯಿಯ ಅಂಗಿ ಕೈಗೆ ಬಂದಾಗ ಸಂಶಯ ಹುಟ್ಟುತ್ತದೆ: ಈ ಬೆಲೆಯಲ್ಲಿ ಯಾರ ಕೂಲಿ ಕರಗಿದೆ? ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಜುಬ್ಬಕ್ಕೋ ಬೆಂಗೇರಿಯ ಖಾದಿ ಸಂಘದ ಬಟ್ಟೆಗೋ ಹೆಚ್ಚು ಬೆಲೆ ಏಕೆ ಎಂಬುದೂ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೀದಿ ಕೊನೆಯ ಟೈಲರ್ ಗತಿಯೇನು ಎನ್ನುವವರಿದ್ದಾರೆ. ಟೈಲರನ ಗಿರಾಕಿಯನ್ನು ಕಸಿದದ್ದು ರೆಡಿಮೇಡು. ಬಟ್ಟೆ ಕೊಂಡು ಹೊಲಿಸುವ ಅಭ್ಯಾಸ ಉಳಿದಿರುವುದು ಹೊಲಿಗೆಯ ರುಚಿ ಬಲ್ಲವರಲ್ಲೇ. ನೈಟಿ ತಾವೇ ಹೊಲಿದುಕೊಳ್ಳುವವರು ಕಟೋರಿ ರವಿಕೆಗೆ ಟೈಲರ್ ಬಳಿಗೇ ಹೋಗುತ್ತಾರೆ, ಆತನ ಕೈಚಳಕಕ್ಕೆ ಮರ್ಯಾದೆಯನ್ನೂ ಕೊಡುತ್ತಾರೆ.

ಪುರಸೊತ್ತಿನ ಪ್ರಶ್ನೆಯನ್ನು ಅರ್ಧ ನಿಜ ಎಂದೆನಲ್ಲ, ಆ ಅರ್ಧ ಹೆಂಗಸರದು. ಅಡುಗೆ, ಮಕ್ಕಳು, ಕಚೇರಿಯ ಮೇಲೆ ಹೊಲಿಗೆಯನ್ನೂ ಅವರ ತಲೆಗೇ ಕಟ್ಟುವುದಾದರೆ ಈ ವಾದವೇ ಬೇಡ. ಹೊಲಿಗೆಯನ್ನು ಹೆಣ್ಣಿನ ಗುಣ ಎಂದು ಎಣಿಸಿದ್ದಕ್ಕೆ ನಮ್ಮಲ್ಲಿ ಆಧಾರವೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದ, ಊರೂರಿನ ಸಿಂಪಿಗರ ಅಂಗಡಿಯಲ್ಲಿ ಮೆಷಿನ್ ತುಳಿದವರು ಹೆಚ್ಚಾಗಿ ಗಂಡಸರೇ. ದುಡಿಮೆಯಾದಾಗ ಗಂಡಸರದ್ದು, ಮನೆಯಲ್ಲಿ ಪುಕ್ಕಟೆಯಾದಾಗ ಹೆಂಗಸರದ್ದು. ಈ ಹಂಚಿಕೆ ಹಳತಾಯಿತು. ಸರ್ಕಾರವೂ ಹೊಲಿಗೆ ಮೆಷಿನ್ನನ್ನು ಬಡ ಹೆಂಗಸರಿಗೆ ಹಂಚುವ ವಸ್ತುವೆಂದೇ ನೋಡುತ್ತ ಬಂದಿದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ದರ್ಜಿಗಳಿಗೂ ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವು ಕೊಡುತ್ತದೆ, ಒಳ್ಳೆಯದೇ. ಆದರೆ ಕಸುಬಿನವರಲ್ಲದ ಉಳಿದವರಿಗೆ ಒಂದು ಗುಂಡಿ ಹಾಕುವುದನ್ನೂ ಯಾರೂ ಕಲಿಸುತ್ತಿಲ್ಲ.

ಒಂದು ಕಾಲಕ್ಕೆ ನಮ್ಮ ಹೈಸ್ಕೂಲುಗಳಲ್ಲಿ ಹೊಲಿಗೆ ಟೀಚರ್ ಇರುತ್ತಿದ್ದರು. ಹುಡುಗಿಯರು ಅವರ ಬಳಿ ಹೆಮ್ಮಿಂಗ್, ಕಾಜಾ ಕಲಿಯುವಾಗ ಹುಡುಗರನ್ನು ತೋಟಕ್ಕೋ ಆಟದ ಬಯಲಿಗೋ ಕಳಿಸುತ್ತಿದ್ದರು. ಆ ಪೀರಿಯಡ್ ಮತ್ತೆ ಬರಲಿ: ಎಂಟನೆಯ ತರಗತಿಯಿಂದ ವಾರಕ್ಕೊಂದು, ಶಾಲೆಗೆ ನಾಲ್ಕು ಮೆಷಿನ್ನು, ಹುಡುಗ ಹುಡುಗಿ ಇಬ್ಬರಿಗೂ. ಹತ್ತನೆಯದು ಮುಗಿಸುವ ಹೊತ್ತಿಗೆ ಪ್ರತಿ ವಿದ್ಯಾರ್ಥಿಯೂ ತನ್ನ ಅಳತೆಯ ಒಂದು ನೂಲಿನ ಅಂಗಿಯನ್ನು ತಾನೇ ಹೊಲಿದಿರಬೇಕು. ಶಿಕ್ಷಣ ಇಲಾಖೆ ಇದನ್ನು ಯೋಚಿಸಲಿ. ಅಲ್ಲಿಯವರೆಗೆ ಮನೆಯಲ್ಲಿ ಮುಸುಕು ಹಾಕಿಟ್ಟ ಮೆಷಿನ್ನೊಂದು ಇದ್ದರೆ, ಈ ಬೇಸಿಗೆ ರಜೆಯಲ್ಲಿ ಮುಸುಕು ತೆಗೆದು, ಎಣ್ಣೆ ಬಿಟ್ಟು, ಮಗಳ ಜೊತೆ ಮಗನನ್ನೂ ಕೂರಿಸಿ.