ಆಸ್ಪತ್ರೆ ಬಿಲ್ಲಿನ ಸಾಲ



ನಿಮ್ಮೂರಿನ ಹತ್ತು ಮನೆ ಹೊಕ್ಕು ಸಾಲ ಯಾಕಾಯ್ತು ಅಂತ ಕೇಳಿ ನೋಡಿ. ಬೋರ್‌ವೆಲ್ ಅಂತಾರೆ, ಗೊಬ್ಬರ ಅಂತಾರೆ, ಮಗಳ ಮದುವೆ ಅಂತಾರೆ. ಇನ್ನೊಂದು ಗಳಿಗೆ ಕೂತರೆ ಆಸ್ಪತ್ರೆ ಬಿಲ್ಲು ಹೊರಗೆ ಬರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಅದು ಬೆಳೆಸಾಲ. ದುಡ್ಡು ಹೋಗಿದ್ದು ಅಪ್ಪನ ಎದೆನೋವಿಗೆ.

ರಾಗಿ ಮಾರಲು ಹೋದರೆ ಬೆಲೆ ಹೇಳುವವನು ಕೊಳ್ಳುವವನು. ಮಾತ್ರೆ ಕೊಳ್ಳಲು ಹೋದರೆ ಬೆಲೆ ಹೇಳುವವನು ಮಾರುವವನು. ಎರಡೂ ಕಡೆ ಬಾಯಿ ಮುಚ್ಚಿಕೊಂಡು ನಿಂತವರು ನಾವೇ.

ಸರ್ಕಾರಕ್ಕೆ ಬೆಲೆ ಕಟ್ಟಲು ಬರುವುದಿಲ್ಲವೇ? ಬರುತ್ತದೆ. ಹೃದಯದ ರಕ್ತನಾಳಕ್ಕೆ ಹಾಕುವ ಔಷಧಿ ಲೇಪಿತ ಸ್ಟೆಂಟಿಗೆ ಲಕ್ಷಕ್ಕೂ ಮೇಲೆ ವಸೂಲಾಗುತ್ತಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರ ಅದರ ಗರಿಷ್ಠ ಬೆಲೆಯನ್ನು 29,600 ರೂಪಾಯಿಗೆ ಇಳಿಸಿತು. ಹಾಗಾದರೆ ಅಲ್ಲಿಯವರೆಗೆ ಹೊಲ ಅಡವಿಟ್ಟು ಕಟ್ಟಿದ ಉಳಿಕೆ ದುಡ್ಡು ಯಾರ ಜೇಬಿಗೆ ಹೋಯಿತು?

ತಮಿಳುನಾಡು 1994ರಲ್ಲೇ ಒಂದು ನಿಗಮ ಕಟ್ಟಿ, ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಿಯನ್ನು ಸಗಟಾಗಿ ಕೊಳ್ಳುವ ದಾರಿ ಹಿಡಿಯಿತು. ರಾಜಸ್ಥಾನ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಯನ್ನು ಪುಕ್ಕಟೆ ಕೊಡುತ್ತಿದೆ. ಸಗಟು ಕೊಂಡರೆ ಅಗ್ಗ ಅನ್ನುವುದು ಸಂತೆಗೆ ಹೋದ ಹುಡುಗನಿಗೂ ಗೊತ್ತು. ನಮ್ಮಲ್ಲೂ ಅಂಥ ನಿಗಮ ಇದೆ. ಆದರೂ ಚೀಟಿ ಬರೆದು "ಹೊರಗೆ ತಗೊಳ್ಳಿ" ಅನ್ನುವುದು ನಿಂತಿಲ್ಲ.

ಇನ್ನು ಕಾರ್ಡಿನ ವಿಷಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಬಡವನಿಗೆ ಅದು ಸಿಗಲೇಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಎಪಿಎಲ್‌ನವನಿಗೆ ಮಾತ್ರ ಸರ್ಕಾರ ಹಾಕುವುದು ಪ್ಯಾಕೇಜ್ ದರದ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಮೂರು ಹೆಕ್ಟೇರಿಗಿಂತ ಹೆಚ್ಚು ಖುಷ್ಕಿ ಇದ್ದರೆ ನೀವು ಬಡವರಲ್ಲ ಎಂದು ಕಾಗದ ಹೇಳುತ್ತದೆ. ಮಳೆ ಬರದ ವರ್ಷ ಆ ಎಂಟು ಎಕರೆ ಏನು ಕೊಡುತ್ತದೆಂದು ಆ ಕಾಗದ ಬರೆದವರು ಒಂದು ಸಲ ಉತ್ತು ನೋಡಬೇಕಿತ್ತು.

ನಮಗೆ ಒಂದು ದಾರಿ ಇತ್ತು, ಈಗಲೂ ಇದೆ: ಯಶಸ್ವಿನಿ. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯ ಕಟ್ಟಿದ್ದು ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು, ಸರ್ಕಾರವೂ ತನ್ನ ಪಾಲು ಹಾಕಿತು. ಇಷ್ಟು ಜನ ಒಟ್ಟಾಗಿ ಬಂದಾಗ ದೊಡ್ಡ ಆಸ್ಪತ್ರೆಗಳೂ ಆಪರೇಷನ್ ದರ ಇಳಿಸಲು ಒಪ್ಪಿದವು. ಒಬ್ಬೊಬ್ಬನೇ ಹೋಗಿ ಕೈಮುಗಿದಿದ್ದರೆ ಇಳಿಸುತ್ತಿದ್ದರೇ? 2018ರಲ್ಲಿ ಅದನ್ನು ಬೇರೆ ಯೋಜನೆಯಲ್ಲಿ ಕರಗಿಸಿದರು. ನಮ್ಮ ದುಡ್ಡಿನಿಂದ ನಡೆದ ಯೋಜನೆಯನ್ನು ನಮ್ಮನ್ನು ಕೇಳದೆ ಮುಚ್ಚಿದ್ದು ಸಣ್ಣ ತಪ್ಪಲ್ಲ. 2022ರ ಕೊನೆಗೆ ಮತ್ತೆ ನೋಂದಣಿ ತೆರೆದರು: ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಆಮೇಲಿನ ಪ್ರತಿ ತಲೆಗೆ 100, ಚಿಕಿತ್ಸೆ 5 ಲಕ್ಷದವರೆಗೆ.

ಕೊರತೆ ಇಲ್ಲವೆಂದಲ್ಲ. ಯೋಜನೆ ಇರುವುದು ಮುಖ್ಯವಾಗಿ ಆಪರೇಷನ್ನಿಗೆ. ಸಕ್ಕರೆ ಕಾಯಿಲೆ, ಬಿಪಿಗೆ ತಿಂಗಳು ತಿಂಗಳು ನುಂಗುವ ಮಾತ್ರೆಯ ಖರ್ಚು ನಿಮ್ಮದೇ. ಮನೆಯನ್ನು ಸದ್ದಿಲ್ಲದೆ ತಿನ್ನುವುದು ಅದೇ. ಅದಕ್ಕೆ ಜನೌಷಧಿ ಅಂಗಡಿ ಹುಡುಕಿ. ಡಾಕ್ಟರಿಗೆ ಕಂಪನಿ ಹೆಸರಲ್ಲ, ಔಷಧಿಯ ಹೆಸರು ಬರೆಯಿರಿ ಅನ್ನಿ. ನಾಚಿಕೆ ಬೇಡ. ಬೀಜದ ಅಂಗಡಿಯಲ್ಲಿ ನಾಲ್ಕು ಸಲ ಚೌಕಾಸಿ ಮಾಡುವವರು ನಾವು.

ಖಾಸಗಿ ಆಸ್ಪತ್ರೆ ತನ್ನ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಮ್ಮ ರಾಜ್ಯದ ಕಾಯಿದೆಯೇ ಹೇಳುತ್ತದೆ. ಅಡ್ಮಿಟ್ ಮಾಡುವ ಮೊದಲು ಆ ಪಟ್ಟಿ ತೋರಿಸಿ ಅನ್ನಿ. ಬಿಲ್ಲನ್ನು ಬಿಡಿಸಿ ಬರೆಸಿಕೊಳ್ಳಿ.

ಈ ಸಲ ಸೊಸೈಟಿಯ ಸರ್ವಸದಸ್ಯರ ಸಭೆಗೆ ಹೋದಾಗ ಡಿವಿಡೆಂಡ್ ಎಷ್ಟು ಅಂತ ಮಾತ್ರ ಕೇಳಿ ಎದ್ದು ಬರಬೇಡಿ. ಎಷ್ಟು ಸದಸ್ಯರನ್ನು ಯಶಸ್ವಿನಿಗೆ ಸೇರಿಸಿದ್ದೀರಿ, ಎಷ್ಟು ಜನರ ಕಾರ್ಡು ಬಂದಿದೆ, ನಮ್ಮ ತಾಲ್ಲೂಕಿಗೆ ಹತ್ತಿರ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಕಾರ್ಯದರ್ಶಿಯವರನ್ನು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಮಗೂ ಒಂದು ಕಾರ್ಡು ಹಾಕಿ.