ಕಾಕಾ ಬಿಟ್ಟ ಕಲ್ಲುಗಳು

ನನ್ನ ಮೊಬೈಲಿನಲ್ಲಿ ನಮ್ಮ ಕಾಕಾನ ಹನ್ನೊಂದು ವಿಡಿಯೊ ಇವೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಶಹಾಪುರಕ್ಕೆ ಹೋದಾಗ ತೆಗೆದದ್ದು. ಮನೆ ಹಿಂದಿನ ಬಯಲಲ್ಲಿ ಕಾಕಾ ಕುಕ್ಕರಗಾಲಲ್ಲಿ ಕೂತು ಪರಸಿ ಕಲ್ಲಿನ ಅಂಚು ಬಿಡಿಸುತ್ತಿದ್ದಾರೆ. ನಮ್ಮ ಕಡೆ ಅರ್ಧ ಊರಿನ ನೆಲ, ಕಟ್ಟೆ, ಮೆಟ್ಟಿಲು ಎಲ್ಲ ಈ ಕಲ್ಲೇ. ಸುತ್ತಿಗೆಯ ನಾಲ್ಕು ಏಟು, ಕಲ್ಲು ತಿರುವು, ಮತ್ತೆ ಎರಡು ಏಟು, ಗೆರೆ ಹಿಡಿದಂತೆ ತುಂಡು ಬೀಳುತ್ತದೆ. ನೋಡಲಿಕ್ಕೆ ಮಜಾ. ಸ್ಟೇಟಸ್ಸಿಗೂ ಹಾಕಿದ್ದೆ, ಲೈಕು ಚೆನ್ನಾಗಿಯೇ ಬಂದಿದ್ದವು.

ಈ ಸಲ ಯುಗಾದಿ ಮುಗಿದ ವಾರ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಏಳುವುದಿಲ್ಲ. ಮಾತೂ ಹೋಗಿದೆ, "ಹೂಂ", "ಬ್ಯಾಡ" ಇಷ್ಟೇ ಹೊರಡುವುದು. ಮುಂಗಡ ತಗೊಂಡ ಕೆಲಸ ಬಾಕಿ ಇತ್ತು. ಕಾಕಾನ ಮಗ ನನ್ನ ವಿಡಿಯೊ ನೋಡಿ ಕಲಿಯಲು ಕೂತ. ವಾರದ ಮೇಲೆ ಫೋನು ಬಂತು.

"ಅಣ್ಣಾ, ನೀ ಕಳ್ಸಿದ್ದ ವಿಡಿಯೊದಾಗ ಹೆಂಗ ಅದ ಹಂಗೇ ಹೊಡೀಲಾಕತ್ತೀನಿ. ಮೂರು ಕಲ್ಲು ನಡಬರಕ ಸೀಳಿ ಹೋದ್ವು ನೋಡು."

ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಇದು ಬಿಡಿಸಬಹುದಾದ ಸಮಸ್ಯೆ ಅನ್ನಿಸಿತು. ಮನುಷ್ಯ ಯೋಚಿಸುವುದನ್ನು ಹೆಜ್ಜೆ ಹೆಜ್ಜೆಯಾಗಿ ಕಂಪ್ಯೂಟರಿಗೆ ಇಳಿಸುವ ಪ್ರಯತ್ನ 1950ರ ದಶಕದಿಂದ ನಡೆದಿದೆ. ಅಲೆನ್ ನ್ಯೂವೆಲ್, ಹರ್ಬರ್ಟ್ ಸೈಮನ್ ಎಂಬಿಬ್ಬರು ಜನರಿಗೆ ಒಗಟು ಕೊಟ್ಟು, "ಬಿಡಿಸುತ್ತಾ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ" ಅನ್ನುತ್ತಿದ್ದರು. ಅದನ್ನು ಬರೆದುಕೊಂಡು, ಅದೇ ದಾರಿಯಲ್ಲಿ ನಡೆಯುವ ಪ್ರೋಗ್ರಾಂ ಕಟ್ಟುತ್ತಿದ್ದರು. 1972ರಲ್ಲಿ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಆದರೆ ನಮ್ಮ ಕಾಕಾಗೆ ಬಾಯಿಲ್ಲವಲ್ಲ. ಬಾಯಿ ಇದ್ದಾಗಲೂ, "ಯಾಕ ಅಲ್ಲೇ ಹೊಡೀತೀರಿ?" ಅಂದರೆ, "ಅಲ್ಲೇ ಹೊಡೀಬೇಕು ತಮ್ಮಾ" ಅನ್ನುವುದಷ್ಟೇ ಉತ್ತರ.

ಮಾತಿಲ್ಲದೆ, ಬರೀ ಕೈ ನೋಡಿ ಯೋಚನೆ ಹಿಡಿಯಬಹುದಾ? ರಾತ್ರಿ ಹುಡುಕುತ್ತಾ ಕೂತಾಗ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಡೀಟ್ರಿಕ್ ಸ್ಟೌಟ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಒಂದು ಲೇಖನ ಸಿಕ್ಕಿತು. ಅವರು ಮಾಡಿದ್ದು ಹೆಚ್ಚು ಕಡಿಮೆ ನನ್ನ ಕೆಲಸವನ್ನೇ. ಆದಿಮಾನವರ ರೀತಿಯಲ್ಲಿ ಕಲ್ಲಿನ ಉಪಕರಣ ಮಾಡುವ ವಿಡಿಯೊ ಇಟ್ಟುಕೊಂಡು, ಏಟು, ತಿರುವು, ಉಜ್ಜು ಎಂದು ಒಂದೊಂದು ಕ್ರಿಯೆಗೂ ಗುರುತು ಹಾಕಿದರು. ಆಮೇಲೆ ಆ ಸಾಲಿನಲ್ಲಿ ವ್ಯಾಕರಣ ಹುಡುಕಲು ಕಂಪ್ಯೂಟರಿಗೆ ಬಿಟ್ಟರು. ಪದೇ ಪದೇ ಬರುವ ತುಣುಕಿಗೆ ಒಂದು ಹೆಸರು, ಆ ಹೆಸರುಗಳು ಸೇರಿ ಇನ್ನೊಂದು ಹೆಸರು. ಕೋಡ್ ಬರೆಯುವವರಿಗೆ ಗೊತ್ತಾಗುತ್ತದೆ, ಫಂಕ್ಷನ್ ಒಳಗೆ ಫಂಕ್ಷನ್ ಇದ್ದ ಹಾಗೆ. ಸುಮ್ಮನೆ ಚಕ್ಕೆ ಎಬ್ಬಿಸುವ ಹಳೆಯ ಪದ್ಧತಿಗಿಂತ, ಕೈಕೊಡಲಿ ಮಾಡುವ ಅಷೂಲಿಯನ್ ಪದ್ಧತಿಯಲ್ಲಿ ಈ ಪದರಗಳು ಹೆಚ್ಚು ಎಂದು ಅವರಿಗೆ ಕಂಡಿತು.

ಅಷೂಲಿಯನ್ ಎಂಬ ಹೊಸ ಪದ ಹಿಡಿದು ಮುಂದೆ ಹೋದೆ. ನೋಡಿದರೆ ಹುಣಸಗಿ, ಬೈಚಬಾಳ, ಇಸಾಂಪುರ! ನಮ್ಮ ಸುರಪುರ ಸೀಮೆಯೇ. ಎಷ್ಟೋ ಸಲ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾ ದಾಟಿದ ಊರುಗಳು.

ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ 1960ರ ದಶಕದಿಂದ ಈ ಸೀಮೆ ಸುತ್ತಿದವರು. 1990ರ ದಶಕದ ಕೊನೆಗೆ ಇಸಾಂಪುರದಲ್ಲಿ ಅಗೆದಾಗ ಸಿಕ್ಕದ್ದು ಒಂದು ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲಿನ ಹಾಸುಗಳು ನೆಲದಲ್ಲಿ ಎದ್ದು ಕಾಣುವ ಜಾಗದಲ್ಲೇ ಕೂತು ಆ ಜನ ಕೈಕೊಡಲಿ ಮಾಡಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಪದ್ದಯ್ಯನವರ ತಂಡ 2002ರಲ್ಲಿ ಕೊಟ್ಟ ಅಂದಾಜು ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯ ಹುಟ್ಟಿಯೇ ಮೂರು ಲಕ್ಷ ವರ್ಷ ಆಗಿರಬಹುದು. ಅಂದರೆ ಆ ಕೈಗಳು ನಮ್ಮವಲ್ಲ, ನಮಗಿಂತ ಹಿಂದಿನ ಯಾರದೋ.

ಆ ಜನ ಕಲ್ಲು ಆರಿಸುತ್ತಿದ್ದರು ಎಂಬುದು ನನ್ನನ್ನು ನಿಲ್ಲಿಸಿತು. ಹಾಸು ತೆಳ್ಳಗಿದ್ದರೆ ಅದನ್ನೇ ಸುತ್ತ ತಟ್ಟಿ ಕೈಕೊಡಲಿ. ದಪ್ಪಗಿದ್ದರೆ ಮೊದಲು ಅಂಚು ಹದ ಮಾಡಿ, ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯಿಂದ ಉಪಕರಣ. ಮೊದಲ ಏಟಿಗೆ ಮುಂಚೆಯೇ ಕೊನೆಯ ಆಕಾರ ತಲೆಯಲ್ಲಿರಬೇಕು. ಈ ಕಣಿವೆಯ ಕಲ್ಲುಗಳ ಮೇಲೆ ಸಂಶೋಧನೆ ಮಾಡಿದ ಶಿಪ್ಟನ್ ಎಂಬುವರ ವಾದ ಇನ್ನೊಂದು: ಬಲ್ಲವರನ್ನು ಹತ್ತಿರದಿಂದ ನೋಡಿ ಅನುಕರಿಸದೆ ಇಷ್ಟು ಹಂತದ ಕೆಲಸ ಕೈಯಿಂದ ಕೈಗೆ ದಾಟಲಾರದು. ಮಾಡಿ ಮುಗಿಸಿದ್ದರ ಜೊತೆ, ಅರ್ಧಕ್ಕೆ ಬಿಟ್ಟದ್ದೂ ಬಿಸಾಕಿದ್ದೂ ಇಸಾಂಪುರದಲ್ಲಿ ರಾಶಿ ಬಿದ್ದಿತ್ತು. ಪುರಾತತ್ವದವರು ಅದನ್ನೂ ಎಣಿಸಿ, ಅಳೆದು ಇಟ್ಟುಕೊಂಡರು.

ಅದನ್ನು ಓದಿದಾಗ ಎದೆ ಧಸಕ್ಕೆಂದಿತು.

ಕಾಕಾ ಕಲ್ಲಿಗೆ ಕೂಡುವ ಮೊದಲು ಬಹಳ ಹೊತ್ತು ಸುಮ್ಮನೆ ಕಲ್ಲು ತಟ್ಟುತ್ತಿದ್ದರು. ಬೆರಳ ಗಂಟಿನಿಂದ, ಒಮ್ಮೊಮ್ಮೆ ಸುತ್ತಿಗೆ ಹಿಡಿಯಿಂದ. ಟಣ್ ಅಂದರೆ ಇತ್ತ, ಡಬ್ ಅಂದರೆ ಅತ್ತ. ಒಳಗೆ ಕಾಣದ ಬಿರುಕಿದ್ದರೆ ದನಿ ಸತ್ತಿರುತ್ತದೆ. ಅದನ್ನೂ ನಾನು ಶೂಟ್ ಮಾಡಿದ್ದೆ. ಆಮೇಲೆ ಮೊಬೈಲಿನಲ್ಲಿ ಜಾಗ ಸಾಲದೆ, ಏನೂ ಆಗದ ಭಾಗ ಅಂತ ಕತ್ತರಿಸಿ ಡಿಲೀಟ್ ಮಾಡಿದೆ. ಉಳಿದದ್ದು ಏಟು ಮಾತ್ರ. ನನ್ನ ತಮ್ಮ ಆ ಏಟುಗಳನ್ನು ಸರಿಯಾಗಿಯೇ ಕಲಿತಿದ್ದ, ಒಡೆಯಬಾರದ ಕಲ್ಲಿನ ಮೇಲೆ.

ಶುಕ್ರವಾರ ರಾತ್ರಿ ರೈಲು ಹತ್ತಿ, ಯಾದಗಿರಿಯಲ್ಲಿ ಇಳಿದು ಬಸ್ಸು ಹಿಡಿದೆ. ಕಾಕಾನ ಹೊರಸನ್ನು ಬಯಲಿನ ಬೇವಿನ ನೆರಳಿಗೆ ತಂದೆವು. ತಮ್ಮ ಒಂದೊಂದೇ ಕಲ್ಲು ಎತ್ತಿ ತಟ್ಟಿದ. ಕಾಕಾ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಹೂಂ."

ಮತ್ತೊಂದು.

"ಬ್ಯಾಡ."

ನನಗೆ ಎರಡೂ ಒಂದೇ ದನಿ. ತಮ್ಮ ಎರಡನೆಯದನ್ನು ಮತ್ತೆ ತಟ್ಟಿ, ಕಿವಿ ಹಚ್ಚಿ, "ಹಾಂ, ಇದ್ರಾಗ ಏನೋ ಅದ" ಅಂದ. ಕಾಕಾ ಎಡಗೈ ಎತ್ತಿ ದೂರ ತೋರಿಸಿದರು, ಅತ್ತ ಇಡು ಅಂತ.

ಭಾನುವಾರ ಸಂಜೆಯ ತನಕ ನಲವತ್ತೊಂದು ಕಲ್ಲು ಕೇಳಿಸಿದೆವು. ಹದಿನಾಲ್ಕು "ಬ್ಯಾಡ". ಎಲ್ಲ ರೆಕಾರ್ಡ್ ಆಗಿವೆ, ಒಂದು ಸೆಕೆಂಡೂ ಕತ್ತರಿಸಿಲ್ಲ. ಬಿಟ್ಟ ಕಲ್ಲುಗಳನ್ನು ತಮ್ಮ ಗೋಡೆಗೆ ಒರಗಿಸಿ, ಸುಣ್ಣದಲ್ಲಿ ನಂಬರು ಬರೆದಿದ್ದಾನೆ.